ಒಂದೇ ತೆನೆಯ ಬಳ್ಳ

ಜನವರಿಯಲ್ಲಿ ಸೋಮವಾರಪೇಟೆ ಕಡೆಯ ನಮ್ಮ ಮನೆಯ ಮುಂದಿನ ಕಣದ ತುಂಬ ರೋಬಸ್ಟಾ ಹಣ್ಣು ಹರಡಿರುತ್ತದೆ. ಇಬ್ಬನಿ ಆರಿದ ಮೇಲೆ ಟಾರ್ಪಾಲು ತೆಗೆಯಬೇಕು, ದಿನಕ್ಕೆ ನಾಲ್ಕೈದು ಸಲ ಕುಂಟೆಯಾಡಿಸಬೇಕು, ಸಂಜೆ ರಾಶಿ ಮಾಡಿ ಮುಚ್ಚಬೇಕು. ಒಣಗಿತೋ ಇಲ್ಲವೋ ಎಂದು ತಿಳಿಯಲು ಒಂದು ಹಿಡಿ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತೇವೆ. ಒಳಗಿನ ಬೀಜ ಗಲಗಲ ಎಂದರೆ ಚೀಲಕ್ಕೆ ತುಂಬಬಹುದು. ಐವತ್ತು ಕಿಲೋ ಚೆರಿ ಕಾಫಿಯ ಸಿಪ್ಪೆ ತೆಗೆದಾಗ ಎಷ್ಟು ಕಿಲೋ ಬೀಜ ಸಿಗುತ್ತದೆ ಎಂಬುದನ್ನು ನಮ್ಮಲ್ಲಿ ಓಟಿ ಎನ್ನುತ್ತಾರೆ. ಓಟಿ 26 ಬಂದರೆ ಒಂದು ದರ, 28 ಬಂದರೆ ಇನ್ನೊಂದು ದರ. ವರ್ಷದ ಸಂಸಾರ ಈ ಎರಡು ಕಿಲೋ ವ್ಯತ್ಯಾಸದ ಮೇಲೆ ನಿಂತಿರುವುದುಂಟು.

ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ಅಕ್ಕನ ಮಗ ಈ ಸಲ ಕೊಯ್ಲಿಗೆ ಬಂದವನು ಅಂಗೈಯಗಲದ ಒಂದು ಪೆಟ್ಟಿಗೆಯನ್ನು ಕಾಫಿ ರಾಶಿಯೊಳಗೆ ಹೂತಿಟ್ಟ. ರಾಶಿಯ ತೇವಾಂಶ ಎಷ್ಟೆಂದು ಅದು ಮೊಬೈಲಿಗೆ ತಿಳಿಸುತ್ತದೆ. ಅವನೇ ಕೂಡಿಸಿ ಮಾಡಿದ್ದು. ರಾತ್ರಿ ಊಟಕ್ಕೆ ಕೂತಾಗ ಕೇಳಿದ: "ಮಾವ, ಇದಕ್ಕೆ ವೆಂಚರ್ ಕ್ಯಾಪಿಟಲ್ ತಂದರೆ ಹೇಗೆ?"

ಮೂವತ್ತು ವರ್ಷ ಗಣಿತ ಪಾಠ ಮಾಡಿದವನು ನಾನು. ವೆಂಚರ್ ಕ್ಯಾಪಿಟಲ್ ಎಂದರೆ ಹೊಸ ಕಂಪನಿಗಳಿಗೆ ಹಾಕುವ ಸಾಹಸ ಬಂಡವಾಳ. ಈ ಪ್ರಶ್ನೆಗೆ ಹೌದು, ಅಲ್ಲ ಎಂದು ಹೇಳುವ ಮೊದಲು ಆ ಹಣ ಯಾವ ಲೆಕ್ಕದಲ್ಲಿ ಬದುಕುತ್ತದೆ ಎಂದು ಅವನಿಗೆ ತೋರಿಸಬೇಕು ಎನ್ನಿಸಿತು.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎನ್ನುತ್ತೇವೆ. ತೋಟದ ಲೆಕ್ಕ ಪೂರ್ತಿ ಇದೇ. ನೂರು ಕಾಫಿ ಗಿಡಗಳನ್ನು ಎಣಿಸಿ ನೋಡಿ. ಚೆನ್ನಾಗಿ ಬಿಟ್ಟ ಗಿಡ ಪಕ್ಕದ್ದರ ಎರಡರಷ್ಟೋ ಮೂರರಷ್ಟೋ ಕೊಡಬಹುದು. ಸಾವಿರ ಪಟ್ಟು ಕೊಡುವ ಗಿಡ ಭೂಮಿಯ ಮೇಲೆ ಇಲ್ಲ. ಬೇರಿಗೆ ಸಿಗುವ ನೀರು, ಎಲೆಗೆ ಸಿಗುವ ಬಿಸಿಲು ಅದಕ್ಕೆ ಮಿತಿ ಹಾಕುತ್ತವೆ. ನೂರರಲ್ಲಿ ಅತ್ಯುತ್ತಮ ಗಿಡವೊಂದನ್ನು ಕಿತ್ತು ಹಾಕಿದರೂ ಒಟ್ಟು ಫಸಲು ಹೆಚ್ಚೇನೂ ಕುಗ್ಗುವುದಿಲ್ಲ. ಇಳುವರಿಯನ್ನು ನಕ್ಷೆಯಲ್ಲಿ ಬರೆದರೆ ಸರಾಸರಿಯ ಸುತ್ತ ಗಂಟೆಯಾಕಾರದ ಗುಡ್ಡ ಮೂಡುತ್ತದೆ. ಸಾಲ ಕೊಡುವ ಬ್ಯಾಂಕು ಬದುಕುವುದೂ ಈ ಗುಡ್ಡದ ಮೇಲೆಯೇ. ಹತ್ತು ಪರ್ಸೆಂಟ್ ಬಡ್ಡಿಗೆ ಇಪ್ಪತ್ತು ಜನರಿಗೆ ಸಾಲ ಕೊಟ್ಟರೆ ಒಬ್ಬೊಬ್ಬರಿಂದ ಬರುವ ಲಾಭ ಹತ್ತೇ ಪರ್ಸೆಂಟ್. ಅವರಲ್ಲಿ ಇಬ್ಬರು ಕೈಯೆತ್ತಿದರೆ ಉಳಿದ ಹದಿನೆಂಟು ಜನರ ಬಡ್ಡಿಯೆಲ್ಲ ಸೇರಿದರೂ ಆ ನಷ್ಟಕ್ಕೆ ಸಾಲದು. ಆದ್ದರಿಂದ ಬ್ಯಾಂಕಿನವರು ಪಹಣಿ ಕೇಳುತ್ತಾರೆ, ಜಾಮೀನು ಕೇಳುತ್ತಾರೆ.

ಸಾಹಸ ಬಂಡವಾಳ ಜಾಮೀನು ಕೇಳುವುದಿಲ್ಲ, ಬಡ್ಡಿಯನ್ನೂ ಕೇಳುವುದಿಲ್ಲ. ಅದು ಕೇಳುವುದು ಪಾಲು. ಊಟದ ಮೇಜಿನ ಮೇಲೆಯೇ ಒಂದು ಕಾಲ್ಪನಿಕ ಲೆಕ್ಕ ಬರೆದೆ. ನೂರು ಕೋಟಿ ರೂಪಾಯಿಯ ನಿಧಿ, ಇಪ್ಪತ್ತು ಕಂಪನಿ, ಒಂದೊಂದಕ್ಕೆ ಐದು ಕೋಟಿ. ಹನ್ನೆರಡು ಮುಳುಗಿದವು ಎನ್ನೋಣ. ಐದು ಹಾಕಿದ ಹಣವನ್ನಷ್ಟೇ ಮರಳಿಸಿದವು: 25 ಕೋಟಿ. ಎರಡು ಮೂರು ಪಟ್ಟು ಕೊಟ್ಟವು: 30 ಕೋಟಿ. ಇಲ್ಲಿಗೆ ಹತ್ತೊಂಬತ್ತು ಕಂಪನಿ ಮುಗಿದವು, ಕೈಗೆ ಬಂದದ್ದು 55 ಕೋಟಿ, ನಷ್ಟ 40 ಕೋಟಿ. ಇಪ್ಪತ್ತನೆಯದು ನಲವತ್ತು ಪಟ್ಟು ಕೊಟ್ಟಿತು: 200 ಕೋಟಿ. ಈಗ ಒಟ್ಟು 255 ಕೋಟಿ. ಬಳ್ಳ ತುಂಬಿದ್ದು ಒಂದೇ ತೆನೆಯಿಂದ. ಯಾವ ಕಂಪನಿಯೂ ಹಾಕಿದ್ದಕ್ಕಿಂತ ಹೆಚ್ಚು ಕಳೆಯಲಾರದು, ಆದರೆ ಗಳಿಕೆಗೆ ಮೇಲ್ಮಿತಿಯಿಲ್ಲ. ಇಡೀ ವ್ಯವಹಾರ ನಿಂತಿರುವುದು ಈ ಅಸಮತೋಲನದ ಮೇಲೆ.

ಇದು ಬರೀ ಕಾಗದದ ಮೇಲಿನ ಮಾತಲ್ಲ. ಅಮೆರಿಕದಲ್ಲಿ 2004ರಿಂದ 2013ರವರೆಗೆ ನಡೆದ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಹೂಡಿಕೆಗಳನ್ನು ಕರಿಲೇಷನ್ ವೆಂಚರ್ಸ್ ಎಂಬ ಸಂಸ್ಥೆ ಎಣಿಸಿ ನೋಡಿತು. ಸುಮಾರು 65 ಪರ್ಸೆಂಟ್ ಹೂಡಿಕೆಗಳಲ್ಲಿ ಅಸಲೂ ಮರಳಿರಲಿಲ್ಲ. ಐವತ್ತು ಪಟ್ಟಿಗಿಂತ ಹೆಚ್ಚು ಕೊಟ್ಟವು 0.4 ಪರ್ಸೆಂಟ್, ಎಂದರೆ ಸಾವಿರಕ್ಕೆ ನಾಲ್ಕು. ಗಣಿತದಲ್ಲಿ ಇಂಥ ಹಂಚಿಕೆಗೆ ಘಾತ ನಿಯಮ ಎನ್ನುತ್ತಾರೆ. ಇಟಲಿಯ ಅರ್ಥಶಾಸ್ತ್ರಜ್ಞ ವಿಲ್ಫ್ರೆಡೊ ಪರೆಟೊ 1890ರ ದಶಕದಲ್ಲಿ ಜನರ ಆದಾಯದಲ್ಲಿ ಇದೇ ಆಕಾರವನ್ನು ಕಂಡಿದ್ದ. ಇಲ್ಲಿ ಸರಾಸರಿ ಎಂಬ ಮಾತಿಗೆ ಹೆಚ್ಚು ಬೆಲೆಯಿಲ್ಲ. ಒಂದೇ ಒಂದು ಅಂಕಿ ಸೇರಿದರೆ ಅಥವಾ ಬಿಟ್ಟುಹೋದರೆ ಸರಾಸರಿಯೇ ತಲೆಕೆಳಗಾಗುತ್ತದೆ.

ಈ ಲೆಕ್ಕವನ್ನು ಅರ್ಧ ಶತಮಾನ ಬದುಕಿ ತೋರಿಸಿದ ಸಂಸ್ಥೆ ಸೆಕ್ವೋಯಾ ಕ್ಯಾಪಿಟಲ್. ಸೆಮಿಕಂಡಕ್ಟರ್ ಕಂಪನಿಗಳಲ್ಲಿ ಮಾರಾಟದ ಕೆಲಸ ಮಾಡಿದ್ದ ಡಾನ್ ವ್ಯಾಲೆಂಟೈನ್ 1972ರಲ್ಲಿ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿ ಇದನ್ನು ಆರಂಭಿಸಿದ. ತನ್ನ ಹೆಸರಿಡದೆ ಆ ಸೀಮೆಯ ದೈತ್ಯ ಮರದ ಹೆಸರಿಟ್ಟ. ಈ ಮರದ ವಿಷಯ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಸಿಯೆರಾ ನೆವಾಡದ ದೈತ್ಯ ಸೆಕ್ವೋಯಾ ಮೂರು ಸಾವಿರ ವರ್ಷಕ್ಕೂ ಹೆಚ್ಚು ಬದುಕುತ್ತದೆ. ಅದರ ಕಾಯಿ ಕೋಳಿಮೊಟ್ಟೆಯಷ್ಟು. ಬೀಜವಂತೂ ಒಂದು ಗ್ರಾಂಗೆ ಇನ್ನೂರು ತೂಗುವಷ್ಟು ಹಗುರ. ಕಾಯಿ ಒಡೆಯದೆ ಹಲವಾರು ವರ್ಷ ಕೊಂಬೆಯಲ್ಲೇ ಹಸಿರಾಗಿರುತ್ತದೆ. ಕಾಳ್ಗಿಚ್ಚಿನ ಬಿಸಿಗೆ ಒಣಗಿ ಬಾಯಿ ಬಿಟ್ಟಾಗ ಬೀಜಗಳು ಬೂದಿಯ ಮೇಲೆ ಉದುರುತ್ತವೆ. ಲಕ್ಷಾಂತರ ಬೀಜಗಳಲ್ಲಿ ಮರವಾಗುವುದು ಎಲ್ಲೋ ಒಂದು. ನಾವು ನರ್ಸರಿಯಲ್ಲಿ ಕಾಫಿ ಸಸಿಯನ್ನು ಬುಟ್ಟಿ ಬುಟ್ಟಿಯಾಗಿ ಎಣಿಸಿ, ಸತ್ತದ್ದರ ಜಾಗಕ್ಕೆ ಇನ್ನೊಂದನ್ನು ನೆಡುವವರು. ಆ ಮರದ ವಂಶೋದ್ಧಾರದ ದಾರಿಯೇ ಬೇರೆ.

ವ್ಯಾಲೆಂಟೈನ್ ಮೊದಲು ಕೇಳುತ್ತಿದ್ದದ್ದು ಮಾರುಕಟ್ಟೆ ಎಷ್ಟು ದೊಡ್ಡದು ಎಂದು. ಕಂಪನಿ ಕಟ್ಟುವವನ ಓದು, ಮಾತುಗಾರಿಕೆ ಎಲ್ಲ ಆಮೇಲೆ. 1975ರಲ್ಲಿ ವಿಡಿಯೊ ಗೇಮ್ ಕಂಪನಿ ಅಟಾರಿ, 1978ರಲ್ಲಿ ಆ್ಯಪಲ್. ಆ್ಯಪಲ್‌ಗೆ ಹಾಕಿದ್ದು ಒಂದೂವರೆ ಲಕ್ಷ ಡಾಲರ್. 1980ರಲ್ಲಿ ಆ್ಯಪಲ್ ಷೇರು ಪೇಟೆಗೆ ಬರುವ ಮೊದಲೇ ಆ ಪಾಲನ್ನು ಮಾರಿಬಿಟ್ಟರು. ಲಾಭ ಬಂದಿತ್ತು, ನಿಜ. ಆದರೆ ಘಾತ ನಿಯಮದ ಲೋಕದಲ್ಲಿ ಬೇಗ ಮಾರುವುದು ಮುಳುಗುವ ಕಂಪನಿಗೆ ಹಣ ಹಾಕುವುದಕ್ಕಿಂತ ದೊಡ್ಡ ತಪ್ಪು. ಸಾಮಾನ್ಯವಾಗಿ ಇಂಥ ನಿಧಿಗಳ ಆಯಸ್ಸು ಹತ್ತು ವರ್ಷ. ಅಷ್ಟರೊಳಗೆ ಮಾರಿ, ಹಣ ಕೊಟ್ಟ ವಿಶ್ವವಿದ್ಯಾಲಯ, ದತ್ತಿನಿಧಿಗಳಿಗೆ ಲೆಕ್ಕ ಒಪ್ಪಿಸಬೇಕು. ಈ ಗಡುವನ್ನೇ ತೆಗೆದು ಪಾಲನ್ನು ಎಷ್ಟು ಕಾಲ ಬೇಕಾದರೂ ಇಟ್ಟುಕೊಳ್ಳುವ ನಿಧಿಯನ್ನು ಸೆಕ್ವೋಯಾ ರೂಪಿಸಿದ್ದು 2021ರಲ್ಲಿ.

1987ರಲ್ಲಿ ಸಿಸ್ಕೊ ಕಂಪನಿಗೆ 25 ಲಕ್ಷ ಡಾಲರ್ ಹಾಕಿ ಸುಮಾರು ಮೂರನೆಯ ಒಂದು ಪಾಲು ಪಡೆದರು. ಕಂಪ್ಯೂಟರ್ ಜಾಲಗಳನ್ನು ಬೆಸೆಯುವ ರೌಟರ್ ಎಂಬ ಯಂತ್ರವನ್ನು ಮಾರುವ ಆ ಕಂಪನಿಯನ್ನು ಕಟ್ಟಿದವರು ಲಿಯೊನಾರ್ಡ್ ಬೊಸಾಕ್ ಮತ್ತು ಸ್ಯಾಂಡಿ ಲರ್ನರ್ ದಂಪತಿ. 1990ರಲ್ಲಿ ಕಂಪನಿ ಷೇರು ಪೇಟೆಗೆ ಬಂತು. ಅದೇ ವರ್ಷ ಲರ್ನರ್ ಅವರನ್ನು ಅವರದೇ ಕಂಪನಿಯಿಂದ ತೆಗೆದುಹಾಕಲಾಯಿತು, ಬೊಸಾಕ್ ಅವರ ಹಿಂದೆಯೇ ಹೊರನಡೆದರು. ಪಾಲು ಎಂದರೆ ಲಾಭದಲ್ಲಿ ಮಾತ್ರ ಪಾಲಲ್ಲ, ಮಾತಿನಲ್ಲೂ ಪಾಲು. ಈ ಕಥೆ ಹೇಳುವಾಗ ಅಕ್ಕನ ಮಗ ತಟ್ಟೆಯಲ್ಲಿ ಬೆರಳಾಡಿಸುವುದನ್ನು ನಿಲ್ಲಿಸಿದ್ದ.

ಸೆಕ್ವೋಯಾ ಹಣ ಹಾಕಿದ ಯಾಹೂ, ಗೂಗಲ್‌ಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. ವಾಟ್ಸಾಪ್ ಮಾತ್ರ ಘಾತ ನಿಯಮಕ್ಕೆ ಪಠ್ಯಪುಸ್ತಕದಲ್ಲಿ ಹಾಕಬಹುದಾದ ಉದಾಹರಣೆ. 2014ರಲ್ಲಿ ಫೇಸ್‌ಬುಕ್ ಅದನ್ನು ಸುಮಾರು 1,900 ಕೋಟಿ ಡಾಲರ್‌ಗೆ ಕೊಂಡಾಗ ಅಲ್ಲಿದ್ದ ನೌಕರರು ಐವತ್ತೈದರ ಆಸುಪಾಸು, ಬಳಕೆದಾರರು 45 ಕೋಟಿ. ಸೆಕ್ವೋಯಾ ಅದರಲ್ಲಿ ತೊಡಗಿಸಿದ್ದು ಒಟ್ಟು ಆರು ಕೋಟಿ ಡಾಲರ್. ನಮ್ಮ ಗಿಡಕ್ಕಿರುವ ನೀರು, ಬಿಸಿಲಿನ ಮಿತಿ ಸಾಫ್ಟ್‌ವೇರ್‌ಗಿಲ್ಲ. ಇನ್ನೊಬ್ಬ ಬಳಕೆದಾರನಿಗೆ ಇನ್ನೊಂದು ಪ್ರತಿ ಕೊಡಲು ಹೆಚ್ಚುಕಡಿಮೆ ಖರ್ಚೇ ಇಲ್ಲ. ನೂರು ಪಟ್ಟು ಬೆಳೆಯುವುದು ಸಾಧ್ಯವಾಗುವುದು ಇಂಥ ಕಡೆ ಮಾತ್ರ. ಸೋಲಿನ ಲೆಕ್ಕವೂ ಇಷ್ಟೇ ನಿಚ್ಚಳ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ಕ್ರಿಪ್ಟೊ ವಿನಿಮಯ ಕೇಂದ್ರ ಕುಸಿದಾಗ ಸೆಕ್ವೋಯಾ 21 ಕೋಟಿ ಡಾಲರ್‌ಗೂ ಮೀರಿದ ಹೂಡಿಕೆಯನ್ನು ಸೊನ್ನೆ ಎಂದು ಬರೆದುಕೊಂಡಿತು. ಅದರಲ್ಲಿ 15 ಕೋಟಿ ಹೋದ ನಿಧಿಯೊಂದರಲ್ಲೇ ಸುಮಾರು 750 ಕೋಟಿ ಡಾಲರ್ ಲಾಭವಿತ್ತು.

ಮೊದಮೊದಲು ಈ ಹಣ ಊರು ಬಿಟ್ಟು ಹೋಗುತ್ತಿರಲಿಲ್ಲ. ಕಚೇರಿಗೆ ಹತ್ತಿರವಿರುವ ಕಂಪನಿಗಳಿಗೇ ಕೊಡಬೇಕು, ಆಗಾಗ ಹೋಗಿ ನೋಡುವಂತಿರಬೇಕು ಎಂಬುದು ಅಲ್ಲಿಯ ರೂಢಿ. ದೂರದಲ್ಲಿ ಕುಳಿತು ತೋಟ ಮಾಡುವ ಮಾಲೀಕನ ಕಷ್ಟ ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ವ್ಯಾಲೆಂಟೈನ್ 1990ರ ದಶಕದ ಮಧ್ಯದಲ್ಲಿ ಹೊಣೆಯನ್ನು ಮೈಕೆಲ್ ಮೊರಿಟ್ಜ್ ಮತ್ತು ಡಗ್ ಲಿಯೋನಿಗೆ ಒಪ್ಪಿಸಿದ ಮೇಲೆ ರೂಢಿ ಬದಲಾಯಿತು. 1999ರಲ್ಲಿ ಇಸ್ರೇಲ್, 2005ರಲ್ಲಿ ನೀಲ್ ಶೆನ್ ಮುಂದಾಳತ್ವದಲ್ಲಿ ಚೀನಾ. ಭಾರತಕ್ಕೆ 2006ರಲ್ಲಿ ಬಂದಾಗ ಇಲ್ಲಿ ಮೊದಲೇ ಬೇರೂರಿದ್ದ ವೆಸ್ಟ್‌ಬ್ರಿಡ್ಜ್ ಕ್ಯಾಪಿಟಲ್ ಎಂಬ ಸಂಸ್ಥೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಕಸಿ ಕಟ್ಟುವ ವಿದ್ಯೆಯೇ ಇದು: ಸ್ಥಳೀಯ ಬೇರು, ಹೊರಗಿನ ಕುಡಿ. ಕಸಿ ಪೂರ್ತಿ ಕೂಡಿಕೊಳ್ಳಲಿಲ್ಲ. 2011ರಲ್ಲಿ ವೆಸ್ಟ್‌ಬ್ರಿಡ್ಜ್‌ನ ಮೂಲ ಪಾಲುದಾರರು ಹೊರಬಂದು ಹಳೆಯ ಹೆಸರಿನಲ್ಲೇ ಮತ್ತೆ ಸಂಸ್ಥೆ ಕಟ್ಟಿದರು. ಭಾರತದ ಶಾಖೆ ಮಾತ್ರ ಬೆಂಗಳೂರಿನಲ್ಲಿ ಬೆಳೆಯುತ್ತ ಹೋಯಿತು, ಆಮೇಲೆ ಸಿಂಗಪುರಕ್ಕೂ ಚಾಚಿಕೊಂಡಿತು. ಬೆಂಗಳೂರಿಗೆ ಸಾಹಸ ಬಂಡವಾಳವೇನೂ ಅಂದೇ ಹೊಸದಾಗಿ ಬಂದದ್ದಲ್ಲ. ಐಸಿಐಸಿಐ ಮತ್ತು ಯುಟಿಐ ಸೇರಿ ಟಿಡಿಐಸಿಐ ಎಂಬ ಸಂಸ್ಥೆಯನ್ನು 1988ರಲ್ಲೇ ಅಲ್ಲಿ ಆರಂಭಿಸಿದ್ದವು. ನಮ್ಮ ಸರ್ಕಾರಿ ಹಣಕಾಸು ಸಂಸ್ಥೆಗಳ ಈ ದೂರದೃಷ್ಟಿಯನ್ನು ಈಗ ಯಾರೂ ನೆನೆಯುವುದಿಲ್ಲ ಎಂಬುದು ನನ್ನ ಬೇಸರ.

2023ರ ಜೂನ್‌ನಲ್ಲಿ ಸೆಕ್ವೋಯಾ ತಾನು ಮೂರು ಪಾಲಾಗುವುದಾಗಿ ಪ್ರಕಟಿಸಿತು. ಅಮೆರಿಕ ಮತ್ತು ಯುರೋಪಿನದು ಹಳೆಯ ಹೆಸರನ್ನೇ ಉಳಿಸಿಕೊಂಡಿತು. ಚೀನಾದ್ದು ಹಾಂಗ್‌ಶಾನ್ ಆಯಿತು. ಚೀನೀ ಭಾಷೆಯಲ್ಲಿ ಅದೂ ಆ ಕೆಂಪು ಮರದ ಹೆಸರೇ. ಭಾರತ ಮತ್ತು ಆಗ್ನೇಯ ಏಷ್ಯಾದ್ದು ಪೀಕ್ ಫಿಫ್ಟೀನ್. ಎವರೆಸ್ಟ್‌ಗೆ ಆ ಹೆಸರು ಬರುವ ಮೊದಲು ಸರ್ವೆ ಇಲಾಖೆಯ ಕಡತದಲ್ಲಿ ಅದು ಹದಿನೈದನೆಯ ಶಿಖರವಾಗಿತ್ತು. ಅದರ ಎತ್ತರದ ಲೆಕ್ಕ ಮಾಡಿದವರು ರಾಧಾನಾಥ ಸಿಕ್ದರ್. ಒಂದು ಶಾಖೆ ಹಣ ಹಾಕಿದ ಕಂಪನಿಗೆ ಇನ್ನೊಂದು ಶಾಖೆಯ ಕಂಪನಿ ಪೈಪೋಟಿ ಕೊಡುತ್ತಿದೆ, ಒಂದೇ ಹೆಸರಿನಿಂದ ಗೊಂದಲವಾಗುತ್ತಿದೆ ಎಂದು ಅವರು ಕಾರಣ ಕೊಟ್ಟರು. ಅಮೆರಿಕ ಮತ್ತು ಚೀನಾದ ನಡುವಿನ ಬಿಗುವೂ ಹಿನ್ನೆಲೆಯಲ್ಲಿತ್ತು. ಎರಡೇ ತಿಂಗಳಲ್ಲಿ, ಆಗಸ್ಟ್‌ನಲ್ಲಿ, ಚಿಪ್, ಕ್ವಾಂಟಮ್ ಮತ್ತು ಕೃತಕ ಬುದ್ಧಿಮತ್ತೆಯ ಕ್ಷೇತ್ರಗಳಲ್ಲಿ ಚೀನಾಕ್ಕೆ ಹೋಗುವ ಹೂಡಿಕೆಗೆ ಅಮೆರಿಕದ ಅಧ್ಯಕ್ಷರ ಆದೇಶ ಕಡಿವಾಣ ಹಾಕಿತು. ದೇಶದ ಗಡಿ ಬಂಡವಾಳಕ್ಕೆ ಕಾಣುವುದಿಲ್ಲ ಎಂಬ ಮಾತನ್ನು ನಾನಂತೂ ಇನ್ನು ನಂಬಲಾರೆ.

ಮರುದಿನ ಕಣದ ಕಟ್ಟೆಯ ಮೇಲೆ ಕೂತು ಅವನ ಪೆಟ್ಟಿಗೆಯ ಲೆಕ್ಕ ಹಾಕಿದೆವು. ವ್ಯಾಲೆಂಟೈನ್ ಕೇಳುತ್ತಿದ್ದ ಪ್ರಶ್ನೆಯೇ ಮೊದಲನೆಯದು. ಕೊಡಗು, ಚಿಕ್ಕಮಗಳೂರು, ಹಾಸನ, ಹೆಚ್ಚೆಂದರೆ ವಯನಾಡು. ಒಂದು ಕಣಕ್ಕೆ ಒಂದೋ ಎರಡೋ ಪೆಟ್ಟಿಗೆ ಸಾಕು, ಒಮ್ಮೆ ಕೊಂಡರೆ ಐದು ವರ್ಷ ಬಾಳಿಕೆ. ಬೆಳೆಗಾರರಿಗೆ ನಿಜವಾಗಿ ಉಪಯೋಗವಾಗುವ, ಮಾಡಿದವನ ಮನೆಯನ್ನೂ ನಡೆಸುವ ಕಸುಬು ಇದರಿಂದ ಆಗುತ್ತದೆ. ನಲವತ್ತು ಪಟ್ಟು ಆಗುವುದಿಲ್ಲ. ಇಪ್ಪತ್ತನೆಯ ಕಂಪನಿಯನ್ನು ಹುಡುಕುತ್ತಿರುವವರ ಕೈಗೆ ಇದನ್ನು ಕೊಟ್ಟರೆ ಅವರು ಕಾಫಿ ಬಿಟ್ಟು ಬೇರೇನನ್ನೋ ಅಳೆಯಲು ಹೇಳುತ್ತಾರೆ. ಅದು ಅವರ ದುರಾಸೆಯಲ್ಲ, ಅವರ ಲೆಕ್ಕಕ್ಕೆ ಬೇರೆ ದಾರಿಯೇ ಇಲ್ಲ.

ಅವನು ಸುಮ್ಮನೆ ಕೇಳಿಸಿಕೊಂಡ. "ಹಾಗಾದರೆ ಮೊದಲು ಹನ್ನೆರಡು ಮಾಡಿ ಊರಿನ ಹನ್ನೆರಡು ಕಣದಲ್ಲಿಡುತ್ತೇನೆ ಮಾವ" ಎಂದ. ಈ ವರ್ಷದ ಕರಿಮೆಣಸಿನ ಹಣದಲ್ಲಿ ಒಂದು ಭಾಗ ನಾನು ಕೊಡುತ್ತೇನೆ ಎಂದೆ.

"ಎಷ್ಟು ಪಾಲು ಬೇಕು ನಿಮಗೆ?" ಎಂದು ಕೇಳಿದ.

ಮಿಲ್ಲಿನ ಓಟಿ ಚೀಟಿಯ ಹಿಂಬದಿಯಲ್ಲಿ ಹತ್ತರಲ್ಲಿ ಒಂದು ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಅವನ ಮೊಬೈಲ್ ತೇವಾಂಶ 14 ಎಂದು ತೋರಿಸುತ್ತಿತ್ತು. ನಾನು ಒಂದು ಹಿಡಿ ಕಾಯಿ ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದೆ. ಸದ್ದು ಇನ್ನೂ ಮಂದವಾಗಿತ್ತು. ಎರಡು ದಿನದ ಬಿಸಿಲು ಬೇಕು.