ವಿಷ ಒಳಹೊಕ್ಕ ಮೇಲೆ

ಡಿಫ್ತೀರಿಯಾದಿಂದ ಸತ್ತವರ ಒಳ ಅಂಗಗಳು ಹಾಳಾಗಿರುತ್ತಿದ್ದವು. ಬ್ಯಾಕ್ಟೀರಿಯಾ ಮಾತ್ರ ಗಂಟಲು ಬಿಟ್ಟು ಕದಲಿರುತ್ತಿರಲಿಲ್ಲ. ಇದನ್ನು ಕಂಡ ಜರ್ಮನಿಯ ವಿಜ್ಞಾನಿ ಫ್ರೆಡ್ರಿಕ್ ಲೋಫ್ಲರ್, ಗಂಟಲಿನಿಂದ ಹೊರಟು ಹೋಗುತ್ತಿರುವುದು ಯಾವುದೋ ವಿಷ ಇರಬೇಕೆಂದು 1884ರಲ್ಲಿ ಊಹಿಸಿದರು. ನಾಲ್ಕು ವರ್ಷಗಳಲ್ಲಿ ಪ್ಯಾರಿಸಿನ ವಿಜ್ಞಾನಿಗಳಾದ ಎಮಿಲ್ ರೂ ಮತ್ತು ಅಲೆಕ್ಸಾಂಡರ್ ಯೆರ್ಸಿನ್ ಅದನ್ನು ಸೋಸಿ ತೋರಿಸಿದರು. 1890ರಲ್ಲಿ ಪ್ರತಿವಿಷವೂ ಸಿದ್ಧವಾಯಿತು. ಮದ್ದು ಸಿಕ್ಕಿದ ಮೇಲೆ, ಈ ವಿಷ ಜೀವಕೋಶದೊಳಗೆ ಮಾಡುವುದಾದರೂ ಏನು ಎಂಬ ಪ್ರಶ್ನೆ ದಶಕಗಳ ಕಾಲ ಮೂಲೆ ಸೇರಿತು.

ಕಾಲರಾದ ಕಥೆ ಇನ್ನೂ ಗೋಜಲು. ಅಲ್ಲಿಯೂ ವಿಷವೊಂದಿದೆ ಎಂದು ರಾಬರ್ಟ್ ಕಾಖ್ 1884ರಲ್ಲೇ ಹೇಳಿದ್ದರು. ಆದರೆ ನಂತರದ ಹುಡುಕಾಟ ಬಹುಪಾಲು ನಡೆದದ್ದು ಪ್ರಾಣಿಗಳ ರಕ್ತದಲ್ಲಿ, ಉದರದ ಪೊಳ್ಳಿನಲ್ಲಿ. ಸಿಕ್ಕಿದ್ದು ಬ್ಯಾಕ್ಟೀರಿಯಾದ ಹೊರಕವಚದ್ದೇ ಆದ ಬೇರೊಂದು ವಿಷ. ಅದು ಪ್ರಾಣಿಯನ್ನು ಕೊಲ್ಲುತ್ತಿತ್ತು, ಕಾಲರಾ ತರುತ್ತಿರಲಿಲ್ಲ.

ಕಲ್ಕತ್ತಾದ ಶಂಭುನಾಥ ಡೇ ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಬಿಗಿದು, ನಡುವೆ ಸೂಜಿಯಿಂದ ಕಾಲರಾ ಬ್ಯಾಕ್ಟೀರಿಯಾ ಇಳಿಸಿದರು. ಬಿಗಿದ ತುಂಡು ದ್ರವ ತುಂಬಿ ಉಬ್ಬಿಕೊಂಡಿತು. 1959ರಲ್ಲಿ ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ದ್ರವದಿಂದಲೂ ಅದೇ ಫಲ ಬಂತು. ವಿಷ ಇದ್ದದ್ದು ಹೌದು, ಅದರ ಕೆಲಸ ಕರುಳಿನಲ್ಲಿ. ಕರುಳಿನ ಕಾಯಿಲೆಯ ವಿಷವನ್ನು ಕರುಳಿನಲ್ಲಿ ಖಚಿತಪಡಿಸಲು 75 ವರ್ಷ ಹಿಡಿದದ್ದು ಉಪಕರಣಗಳ ಕೊರತೆಯಿಂದಂತೂ ಅಲ್ಲ. ದಾರ, ಸೂಜಿ, ಮೊಲ ಕಾಖ್ ಕಾಲದಲ್ಲೂ ಇದ್ದವು.

ಮುಂದೆ ತಿಳಿದದ್ದು ಇನ್ನೂ ಸ್ವಾರಸ್ಯಕರ. ಕಾಲರಾ ವಿಷದಲ್ಲಿ ಅಂಟಿಕೊಳ್ಳುವ ಐದು ತುಣುಕುಗಳಿವೆ, ಕೆಲಸ ಮಾಡುವ ತುಣುಕು ಒಂದು. ಐದೂ ಸೇರಿ ಕರುಳಿನ ಕೋಶದ ಪೊರೆಯ ಜಿಎಂ1 ಎಂಬ ಕೊಬ್ಬಿನಂಶವನ್ನು ಹಿಡಿದುಕೊಳ್ಳುತ್ತವೆ. ಕೋಶವೇ ಅದನ್ನು ನುಂಗುತ್ತದೆ. ವಿಷ ಕೋಶದೊಳಗಿನ ಸಾಗಾಟದ ದಾರಿಯಲ್ಲಿ ಹಿಮ್ಮುಖವಾಗಿ ನಡೆದು, ಪ್ರೋಟೀನುಗಳನ್ನು ಮಡಚುವ ಅಂಗಳ ತಲುಪುತ್ತದೆ. ಅಲ್ಲಿ ಕೆಲಸ ಮಾಡುವ ತುಣುಕು ಮಡಿಕೆ ಬಿಚ್ಚಿಕೊಂಡು, ಕೆಟ್ಟುಹೋದ ಪ್ರೋಟೀನಿನಂತೆ ನಟಿಸುತ್ತದೆ. ಕಸ ಎಂದುಕೊಂಡು ಕೋಶ ಅದನ್ನು ಆ ಅಂಗಳದಿಂದ ಹೊರದಬ್ಬುತ್ತದೆ. ಇಂಥ ಕಸಕ್ಕೆ ನಾಶದ ಚೀಟಿ ಅಂಟಿಸುವುದು ಲೈಸೀನ್ ಎಂಬ ಅಮೈನೋ ಆಮ್ಲದ ಮೇಲೆ. ಈ ತುಣುಕಿನಲ್ಲಿ ಲೈಸೀನ್ ತೀರಾ ಕಡಿಮೆ. ಹಾಗೆ ಪಾರಾದ ವಿಷ ಜಿ-ಪ್ರೋಟೀನ್ ಎಂಬ ಸ್ವಿಚ್ಚಿಗೆ ರಾಸಾಯನಿಕ ತುಂಡೊಂದನ್ನು ಬೆಸೆಯುತ್ತದೆ. ಸ್ವಿಚ್ ಆರುವುದೇ ಇಲ್ಲ. ಕೋಶದಿಂದ ಕ್ಲೋರೈಡ್ ಹರಿಯುತ್ತದೆ, ಬೆನ್ನಿಗೇ ನೀರು.

ಗಮನಿಸಬೇಕಾದದ್ದು, ಕೋಶ ಸಾಯುವುದಿಲ್ಲ. ಗ್ಲೂಕೋಸಿನ ಜೊತೆ ಉಪ್ಪನ್ನು ಹೀರುವ ಅದರ ಶಕ್ತಿ ಉಳಿದೇ ಇರುತ್ತದೆ. ಸಕ್ಕರೆ-ಉಪ್ಪಿನ ನೀರು ಕಾಲರಾ ರೋಗಿಯನ್ನು ಬದುಕಿಸುವುದು ಈ ಕಾರಣಕ್ಕೇ.

ಡಿಫ್ತೀರಿಯಾ ವಿಷದ ಒಗಟು 1960ರ ದಶಕದಲ್ಲಿ ಬಿಡಿಸಿಕೊಂಡಿತು. ಅದೂ ಅದೇ ಬೆಸುಗೆಯ ಕೆಲಸ ಮಾಡುತ್ತದೆ, ಆದರೆ ಪ್ರೋಟೀನ್ ತಯಾರಿಗೆ ಬೇಕಾದ ಇಎಫ್-2 ಎಂಬ ಸಹಾಯಕ ಪ್ರೋಟೀನಿನ ಮೇಲೆ. ತಯಾರಿಯೇ ನಿಂತು ಕೋಶ ಸಾಯುತ್ತದೆ. ಒಳಸೇರಿದ ಒಂದೇ ಅಣು ಸಾಕು ಎಂದು 1978ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು.

ಧನುರ್ವಾಯು ವಿಷದ ಮತ್ತು ಕೆಟ್ಟ ಆಹಾರದಲ್ಲಿ ಬ್ಯಾಕ್ಟೀರಿಯಾ ತಯಾರಿಸುವ ಬೊಟುಲಿನಮ್ ವಿಷದ ಗುಟ್ಟು ಬಯಲಾಗಲು 1992 ಬರಬೇಕಾಯಿತು. ಧನುರ್ವಾಯು ವಿಷವೂ ಬೊಟುಲಿನಮ್‌ನ ಬಿ ಬಗೆಯೂ ನರಕೋಶದ ಒಂದೇ ಪ್ರೋಟೀನನ್ನು ಒಂದೇ ಜಾಗದಲ್ಲಿ ಕತ್ತರಿಸುತ್ತವೆ. ಬೊಟುಲಿನಮ್ ನರದ ತುದಿಯಲ್ಲೇ ನಿಲ್ಲುವುದರಿಂದ ಸ್ನಾಯು ಜೋತುಬೀಳುತ್ತದೆ. ಧನುರ್ವಾಯು ವಿಷ ನರದೊಳಗೇ ಬೆನ್ನುಹುರಿಗೆ ಏರಿ, ಸ್ನಾಯುವನ್ನು ತಡೆಯುವ ಸಂಕೇತವನ್ನು ಕತ್ತರಿಸುತ್ತದೆ. ದೇಹ ಬಿಲ್ಲಿನಂತೆ ಸೆಟೆಯುತ್ತದೆ.