ರುಬ್ಬುವ ಕಲ್ಲಿಗೆ ಒನಕೆ ಹಾಕಬೇಡಿ

ಹೋಂಸ್ಟೇಗಳಿಗೆ, ಶಾಲೆಗಳಿಗೆ ಹಳೆಯ ಮನೆಸಾಮಾನು ದುರಸ್ತಿ ಮಾಡಿ ಜೋಡಿಸಿಕೊಡುವುದು ನನ್ನ ಕೆಲಸ. ಕುಮಟೆಯಿರಲಿ ಶಿರಸಿಯಿರಲಿ, ಹೋದಲ್ಲೆಲ್ಲ ಅದೇ ನೋಟ. ಜಗಲಿಯಲ್ಲಿ ರುಬ್ಬುವ ಕಲ್ಲು, ಅದರ ಗುಳಿಯಲ್ಲಿ ನಿಲ್ಲಿಸಿದ ಒನಕೆ, ಗೋಡೆಯ ಮೇಲೆ ಯಾವುದೋ ಪ್ರವಾಸಕಥನದ ಅಚ್ಚುಚಿತ್ರ, ಕೆಳಗೆ ‘ಹಿಂದಿನವರು ಹಿಟ್ಟು ಮಾಡುತ್ತಿದ್ದ ರೀತಿ’ ಎಂಬ ಫಲಕ. ಕೇಳಿದರೆ, “ಚಿತ್ರದಲ್ಲಿ ಹಾಗೇ ಇದೆಯಲ್ಲ ಸರ್” ಎನ್ನುತ್ತಾರೆ.

ಚಿತ್ರದಲ್ಲಿ ಹಾಗಿಲ್ಲ. ಅಂಥದೊಂದು ಪ್ರವಾಸಕಥನವನ್ನೇ ನೋಡಿ. ಬ್ರಿಟಿಷ್ ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ ತನ್ನ ತಮ್ಮ ಚಾರ್ಲ್ಸ್ ಜೊತೆ ಬರೆದ, ಆಫ್ರಿಕಾದ ಜಾಂಬೆಜಿ ನದಿ ಪ್ರವಾಸದ ಪುಸ್ತಕ 1865ರಲ್ಲಿ ಬಂತು. ಅಲ್ಲಿನ ಹೆಂಗಸರು ಕಾಳು ಕುಟ್ಟುವುದನ್ನು ಅದರಲ್ಲಿ ನಿಂತು ನೋಡಿದವರ ಹಾಗೆ ವರ್ಣಿಸಿದ್ದಾರೆ. ಮರದ ದೊಡ್ಡ ಒರಳು, ಆರಡಿ ಉದ್ದ, ನಾಲ್ಕಿಂಚು ದಪ್ಪದ ಒನಕೆ, ಒಂದು ಒರಳಿಗೆ ಇಬ್ಬರು, ಕೆಲವೊಮ್ಮೆ ಮೂವರು. ಸ್ವಲ್ಪ ನೀರು ಹಾಕಿ ಕುಟ್ಟಿದರೆ ಕಾಳಿನ ಗಟ್ಟಿ ಸಿಪ್ಪೆ ಬಿಡುತ್ತದೆ. ಹಿಟ್ಟಾಗುವುದು ಆಮೇಲೆ, ಬೇರೆ ಕಲ್ಲಿನ ಮೇಲೆ. ತಗ್ಗು ಬಿದ್ದ ಚಪ್ಪಡಿ, ತಿಕ್ಕಲು ಅರ್ಧ ಇಟ್ಟಿಗೆಯಷ್ಟು ದೊಡ್ಡ ಗಟ್ಟಿ ಕಲ್ಲು.

ನಮ್ಮಲ್ಲೂ ಅಷ್ಟೇ. ಕುಟ್ಟುವುದು ಸಿಪ್ಪೆ ಬಿಡಿಸಲು, ಬೀಸುವುದು ಹಿಟ್ಟಿಗೆ, ರುಬ್ಬುವುದು ನೆನೆಸಿದ್ದನ್ನು. ಮತ್ತೊಮ್ಮೆ ಹೇಳುತ್ತೇನೆ, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ: ಭತ್ತ ಒರಳಿಗೆ ಬಿದ್ದಾಗ ನಮಗೆ ಬೇಕಾದದ್ದು ಪುಡಿಯಲ್ಲ, ಇಡೀ ಅಕ್ಕಿ. ಕಾಳಿಗೆ ಕಾಳು ಉಜ್ಜಿ ಹೊಟ್ಟು ಬಿಡಬೇಕು, ಅಕ್ಕಿ ಮುರಿಯಬಾರದು. ಕರಾವಳಿಯವರು ಭತ್ತ ಬೇಯಿಸಿ ಒಣಗಿಸಿ ಕುಚ್ಚಲಕ್ಕಿ ಮಾಡುವುದರಲ್ಲಿ ಈ ಲಾಭವೂ ಇದೆ. ಬೆಂದ ಭತ್ತದಲ್ಲಿ ಕಾಳಿನೊಳಗಿನ ಬಿರುಕು ಮುಚ್ಚಿ ನುಚ್ಚು ಕಡಿಮೆಯಾಗುತ್ತದೆ. ನೆನೆಸಿದ ಅಕ್ಕಿಯನ್ನು ಒನಕೆಯಲ್ಲಿ ಕುಟ್ಟಿ ಹಿಟ್ಟು ಮಾಡುವುದೂ ಉಂಟು, ಅವಲಕ್ಕಿಯೂ ಉಂಟು; ಹಾಗಾಗಿ ಒರಳಲ್ಲಿ ಹಿಟ್ಟು ಆಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ರುಬ್ಬುವ ಕಲ್ಲಿನಲ್ಲಿ ಒನಕೆಗೆ ಕೆಲಸವಿಲ್ಲ. ಒನಕೆಯ ತುದಿಯ ಕಬ್ಬಿಣದ ಬಳೆ ಬಡಿದರೆ ಕಲ್ಲಿನ ಅಂಚು ಎದ್ದುಹೋಗುತ್ತದೆ. ಪ್ರವಾಸಿಗಳು ಕುಟ್ಟಿ ನೋಡಿ ಚಕ್ಕೆ ಹಾರಿಸಿದ ಕಲ್ಲುಗಳು ನನ್ನ ಬಳಿ ದುರಸ್ತಿಗೆ ಬರುತ್ತಲೇ ಇರುತ್ತವೆ. ಅವುಗಳಿಗೆ ಮದ್ದಿಲ್ಲ.

ಅಚ್ಚುಚಿತ್ರದ ಎಡ ಬಲವನ್ನೂ ಕಣ್ಣುಮುಚ್ಚಿ ನಂಬಬೇಡಿ. ಮರದ ಅಚ್ಚಿನಲ್ಲಿ ಕೊರೆದದ್ದು ಕಾಗದದ ಮೇಲೆ ತಿರುವುಮುರುವಾಗಿ ಬೀಳುತ್ತದೆ. ಕೊರೆಯುವವನು ಮೊದಲೇ ತಿರುಗಿಸಿಕೊಳ್ಳದಿದ್ದರೆ ಬಲಗೈಯವಳು ಎಡಗೈಯವಳಾಗುತ್ತಾಳೆ. ಕೊರೆಯುವವನು ಆ ಊರನ್ನು ಕಂಡವನೇ ಆಗಿರಬೇಕೆಂದೂ ಇಲ್ಲ.

ಅಂಕೋಲೆಯ ಶಾಲೆಯೊಂದರಲ್ಲಿ ಮಕ್ಕಳು ಬಿಡಿಸಿದ ಚಿತ್ರದಲ್ಲಿ ಎರಡು ಒನಕೆಯೂ ಒಟ್ಟಿಗೆ ಒರಳಲ್ಲಿದ್ದವು. ನೋಡಲು ಬಂದ ಹಾಲಕ್ಕಿ ಒಕ್ಕಲಿಗರ ಅಜ್ಜಿಯೊಬ್ಬರು ನನ್ನ ತೋಳು ಹಿಡಿದು, “ಒಂದು ಮೇಲೆ ಹೋದ್ಮೇಲೆ ಇನ್ನೊಂದು ಇಳೀಬೇಕು ತಮಾ, ಇಲ್ಲದಿದ್ರೆ ಒನಕೆಗೆ ಒನಕೆ ಬಡೀತದೆ” ಎಂದರು. ಎರಡು ಒನಕೆ ಒಮ್ಮೆಗೇ ಒರಳಿಗಿಳಿಯದಂತೆ ಅಲ್ಲಿಯ ಹೆಂಗಸರು ಲಯ ಕಾಯುತ್ತಾರೆಂದು ಲಿವಿಂಗ್‌ಸ್ಟನ್ ಕೂಡ ಬರೆದಿದ್ದಾನೆ. ಅಜ್ಜಿಗೆ ಓದಿ ಹೇಳಿದೆ. “ಮತ್ತೆ?” ಎಂದರು, ಅದರಲ್ಲೇನು ವಿಶೇಷ ಎಂಬಂತೆ.

ಮನೆಯಲ್ಲಿರುವುದು ಯಾವ ಕಲ್ಲೆಂದು ಸಂದೇಹವಿದ್ದರೆ ಗುಳಿಯೊಳಗೆ ಬೆರಳಾಡಿಸಿ. ಭತ್ತ ಕುಟ್ಟಿದ ಒರಳು ಸಾಮಾನ್ಯವಾಗಿ ನುಣ್ಣಗೆ ಸವೆದಿರುತ್ತದೆ. ರುಬ್ಬುವ ಕಲ್ಲಿನಲ್ಲಿ ಬೆರಳಿಗೆ ಉಳಿಪೆಟ್ಟಿನ ತರಿ ಹತ್ತುತ್ತದೆ, ತೀರಾ ಸವೆದಿದ್ದರೆ ಗುಂಡುಕಲ್ಲು ಕೂಡುತ್ತದೆಯೇ ನೋಡಿ. ಜೋಡಿಸುವಾಗ ಒರಳು, ಒನಕೆ, ಪಕ್ಕದಲ್ಲಿ ಕೇರಲು ಮೊರ, ಆಮೇಲೆ ಬೀಸುವ ಕಲ್ಲು. ರುಬ್ಬುವ ಕಲ್ಲನ್ನು ಅಡುಗೆಮನೆಯ ಸಾಮಾನಿನ ಜೊತೆ ಇಡಿ.