16 ಇಂಚಿಗೊಂದು ಕಂಬ

ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗುವ ನಮ್ಮ ಕಡೆಯ ತಂದೆ ತಾಯಿಯರು ಅಲ್ಲಿನ ಗೋಡೆಯನ್ನು ಕಂಡು ಪೆಚ್ಚಾಗುವುದುಂಟು. ದೇವರ ಪಟ ತೂಗುಹಾಕಲು ಮೊಳೆ ಹೊಡೆದರೆ ಎರಡೇ ಪೆಟ್ಟಿಗೆ ಸರ್ರನೆ ಒಳಗೆ ಹೋಗುತ್ತದೆ, ಪಟದ ಭಾರಕ್ಕೆ ಹಾಗೆಯೇ ಕಿತ್ತು ಬರುತ್ತದೆ. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಒಂದು ಗೇಣು ಆಚೆ ತಟ್ಟಿದರೆ ಗಟ್ಟಿ. ‘ರಟ್ಟಿನ ಮನೆಗೆ ಇಷ್ಟೊಂದು ದುಡ್ಡೇ?’ ಎನ್ನುವ ಮಾತು ಅಲ್ಲಿಂದ ಶುರು. ಕಲ್ಲು, ಇಟ್ಟಿಗೆ, ಜಂಬಿಟ್ಟಿಗೆಯ ಗೋಡೆಗೆ ಒರಗಿ ಬೆಳೆದವರಿಗೆ ಹಾಗನ್ನಿಸುವುದು ಸಹಜ. ಆದರೂ ಆ ಮಾತು ಸರಿಯಲ್ಲ. ತೆಳು ಮರದ ಕಂಬಗಳನ್ನು ಸಾಲಾಗಿ ನಿಲ್ಲಿಸಿ ಎರಡೂ ಬದಿಗೆ ಹಲಗೆ ಬಡಿದ ಗೋಡೆ ಅದು; ಕಂಬಗಳ ನಡುವಿನ ಆ ಟೊಳ್ಳಿಗೆ ಸುಮಾರು 190 ವರ್ಷಗಳ ಇತಿಹಾಸವಿದೆ.

ಅದಕ್ಕೂ ಮೊದಲು ಅಲ್ಲಿನ ಮರದ ಮನೆ ಎಂದರೆ ದಪ್ಪ ಕಂಬ, ದಪ್ಪ ತೊಲೆ. ಒಂದು ಮರಕ್ಕೆ ಉಳಿಯಿಂದ ಕಿಂಡಿ ಕೊರೆದು, ಇನ್ನೊಂದರ ತುದಿಯನ್ನು ಅದಕ್ಕೆ ಸರಿಯಾಗಿ ಕೆತ್ತಿ ಕೂರಿಸಿ, ಮರದ ಗೂಟ ಬಡಿದು ಬಿಗಿ ಮಾಡುತ್ತಿದ್ದರು. ಅದಕ್ಕೆ ನುರಿತ ಬಡಗಿ ಬೇಕು, ಚೌಕಟ್ಟನ್ನು ಎತ್ತಿ ನಿಲ್ಲಿಸಲು ಊರಿನ ಮಂದಿಯೇ ಬೇಕು. ಕಬ್ಬಿಣದ ಮೊಳೆಯನ್ನು ಕಮ್ಮಾರ ಒಂದೊಂದಾಗಿ ಬಡಿದು ಮಾಡುತ್ತಿದ್ದ ಕಾಲದಲ್ಲಿ ಅದನ್ನು ಧಾರಾಳವಾಗಿ ಬಳಸುವ ಮಾತೇ ಇರಲಿಲ್ಲ.

19ನೇ ಶತಮಾನದ ಆರಂಭದ ಹೊತ್ತಿಗೆ ಮೊಳೆ ಕತ್ತರಿಸುವ ಯಂತ್ರಗಳು ಬಂದವು, ಮೊಳೆ ಅಗ್ಗವಾಯಿತು. ಸಾಮಿಲ್ಲುಗಳು ಒಂದೇ ಅಳತೆಯ ತೆಳು ಮರಗಳನ್ನು ರಾಶಿಗಟ್ಟಲೆ ಕೊಯ್ಯತೊಡಗಿದವು. ಇವೆರಡನ್ನೂ ಬಾಚಿಕೊಂಡ ಊರು ಷಿಕಾಗೋ. ಜಾರ್ಜ್ ವಾಷಿಂಗ್ಟನ್ ಸ್ನೋ 1832ರಲ್ಲಿ ಕಟ್ಟಿದ ಉಗ್ರಾಣವೇ ಹೊಸ ಪದ್ಧತಿಯ ಮೊದಲ ಕಟ್ಟಡ ಎನ್ನುವವರಿದ್ದಾರೆ. ಆಗಸ್ಟಿನ್ ಟೇಲರ್ 1833ರಲ್ಲಿ ಕಟ್ಟಿದ ಸೇಂಟ್ ಮೇರಿ ಚರ್ಚು ಎನ್ನುವವರೂ ಇದ್ದಾರೆ. ನನಗೆ ಆ ಜಗಳಕ್ಕಿಂತ ಕಾರಣ ಮುಖ್ಯವೆನಿಸುತ್ತದೆ. 1840ರಲ್ಲಿ ನಾಲ್ಕೂವರೆ ಸಾವಿರದಷ್ಟಿದ್ದ ಷಿಕಾಗೋ ಜನಸಂಖ್ಯೆ 1870ಕ್ಕೆ ಮೂರು ಲಕ್ಷದ ಹತ್ತಿರ ಬಂತು. ಕಿಂಡಿ ಕೊರೆಯುತ್ತ ಕೂತಿದ್ದರೆ ಅಷ್ಟು ಜನಕ್ಕೆ ಸೂರು ಎಲ್ಲಿಂದ ಬರಬೇಕು? ತೆಳು ಮರಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಬರೀ ಮೊಳೆಯಿಂದ ಜೋಡಿಸಿದ ಈ ಮನೆ ಗಾಳಿಗೆ ಬಲೂನಿನಂತೆ ಹಾರಿಹೋಗುತ್ತದೆ ಎಂದು ಹಳಬರು ಆಡಿಕೊಂಡರಂತೆ. ‘ಬಲೂನ್ ಫ್ರೇಮ್’ ಎಂಬ ಹೆಸರು ಬಂದದ್ದು ಹಾಗೆ ಎನ್ನುವುದು ವಾಡಿಕೆ. ಹಾರಲಿಲ್ಲ. ಒಂದು ದಪ್ಪ ಕಂಬ ಹೊರುತ್ತಿದ್ದ ಭಾರವನ್ನು ಹತ್ತಾರು ಸಣ್ಣ ಕಂಬಗಳು ಹಂಚಿಕೊಂಡವು.

ಅಪಾಯ ಇದ್ದದ್ದು ಬೇರೆ ಕಡೆ. ಬಲೂನ್ ಫ್ರೇಮಿನಲ್ಲಿ ಕಂಬಗಳು ಅಡಿಪಾಯದಿಂದ ಸೂರಿನವರೆಗೆ ಎರಡು ಅಂತಸ್ತಿಗೂ ಒಂದೇ. ಎರಡು ಕಂಬಗಳ ನಡುವಿನ ಟೊಳ್ಳೂ ಅಷ್ಟೇ ಉದ್ದ. ಕೆಳಗೆ ಕಿಡಿ ಹತ್ತಿದರೆ ಆ ಟೊಳ್ಳು ಹೊಗೆಗೂಡಿನಂತೆ ಎಳೆದುಕೊಂಡು ಬೆಂಕಿಯನ್ನು ನೇರ ಅಟ್ಟಕ್ಕೆ ಮುಟ್ಟಿಸುತ್ತದೆ. 1871ರ ಅಕ್ಟೋಬರಿನಲ್ಲಿ ಷಿಕಾಗೋ ಹೊತ್ತಿ ಉರಿದಾಗ ಸುಮಾರು 300 ಜನ ಸತ್ತರು, ಲಕ್ಷದಷ್ಟು ಜನ ಮನೆ ಕಳೆದುಕೊಂಡರು. ಮರದ ಮನೆ, ಮರದ ಕಾಲುದಾರಿ, ಬಿರುಗಾಳಿ, ಬರಗಾಲ ಎಲ್ಲವೂ ಸೇರಿದ ಅನಾಹುತ ಅದು; ಹೊಣೆಯನ್ನೆಲ್ಲ ಗೋಡೆಯ ಟೊಳ್ಳಿನ ಮೇಲೆ ಹೊರಿಸುವುದು ಅನ್ಯಾಯ. ಆದರೆ ಆ ಟೊಳ್ಳಿಗೆ ಅಲ್ಲಲ್ಲಿ ಅಡ್ಡಮರ ಬಡಿದು ಬೆಂಕಿಯ ದಾರಿ ಕಟ್ಟಬೇಕೆಂಬ ನಿಯಮ ಕ್ರಮೇಣ ಗಟ್ಟಿಯಾಯಿತು.

20ನೇ ಶತಮಾನದಲ್ಲಿ ಹರಡಿದ ‘ಪ್ಲಾಟ್‌ಫಾರ್ಮ್ ಫ್ರೇಮ್’ ಈ ತೊಡಕನ್ನು ರಚನೆಯಲ್ಲೇ ಬಿಡಿಸಿತು. ಇದರಲ್ಲಿ ಮೊದಲು ನೆಲದ ಹಲಗೆ ಹಾಸಿ ಮುಗಿಸುತ್ತಾರೆ, ಅದರ ಮೇಲೆ ಒಂದೇ ಅಂತಸ್ತಿನ ಗೋಡೆ. ಮೇಲಿನ ಅಂತಸ್ತಿಗೆ ಮತ್ತೆ ನೆಲ, ಮತ್ತೆ ಗೋಡೆ. ಟೊಳ್ಳು ಅಂತಸ್ತಿಗೊಮ್ಮೆ ತುಂಡಾಗುತ್ತದೆ. ಉದ್ದನೆಯ ಮರ ಹುಡುಕುವ ಕಷ್ಟವೂ ತಪ್ಪಿತು. ಎಲ್ಲಕ್ಕಿಂತ ಹೆಚ್ಚಾಗಿ, ಕೆಲಸಗಾರನಿಗೆ ಮನೆಯ ನೆಲವೇ ಮೇಜಾಯಿತು.

ಗೋಡೆ ಹುಟ್ಟುವುದನ್ನು ನೋಡಲು ಚೆಂದ. ಗೋಡೆಯ ಬುಡಕ್ಕೆ ಬರುವ ಮರದ ಪಟ್ಟಿ, ಮೇಲಕ್ಕೆ ಬರುವ ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದೇ ಸಲ ಎರಡಕ್ಕೂ 16 ಇಂಚಿಗೊಂದರಂತೆ ಪೆನ್ಸಿಲ್ ಗೆರೆ ಎಳೆಯುತ್ತಾರೆ. ಪಟ್ಟಿಗಳನ್ನು ದೂರ ಸರಿಸಿ ನಡುವೆ ಕಂಬಗಳನ್ನು ಮಲಗಿಸಿ, ಪಟ್ಟಿಯ ಬೆನ್ನಿನಿಂದ ತುದಿಗೆ ಎರಡೆರಡು ಮೊಳೆ. ಬಾಗಿಲು, ಕಿಟಕಿಯ ಜಾಗದಲ್ಲಿ ಕಂಬ ತುಂಡಾಗುವುದರಿಂದ ಅಲ್ಲಿ ಮೇಲೆ ದಪ್ಪ ಅಡ್ಡತೊಲೆ. ಆಮೇಲೆ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಓರೆ ಅಳತೆ ನೋಡುತ್ತಾರೆ. ಎರಡೂ ಸಮವಾಗಿದ್ದರೆ ಚೌಕಟ್ಟು ಮಟ್ಟಸ. ಇಲ್ಲವಾದರೆ ಉದ್ದ ಬಂದ ಮೂಲೆಗೆ ಸುತ್ತಿಗೆಯ ಪೆಟ್ಟು. ಮಲಗಿರುವಾಗಲೇ ಪ್ಲೈವುಡ್ ಬಡಿದು, ನಾಲ್ಕೈದು ಜನ ಒಟ್ಟಿಗೆ ಎತ್ತಿ ನಿಲ್ಲಿಸಿ, ಓರೆಯಾಗಿ ಊರುಗೋಲು ಕೊಟ್ಟು, ರಸಮಟ್ಟ ಹಿಡಿದು ನೆಟ್ಟಗೆ ಮಾಡುತ್ತಾರೆ. ಮೂಲೆಗಳಲ್ಲಿ ಒಂದರ ಮೇಲೊಂದು ಹಾಯುವಂತೆ ಎರಡನೇ ಮೇಲುಪಟ್ಟಿ ಬಿದ್ದಾಗ ಗೋಡೆಗಳು ಕೈ ಹಿಡಿದುಕೊಳ್ಳುತ್ತವೆ. ಗಾಳಿಗೆ ಓಲಾಡದಂತೆ ಹಿಡಿಯುವುದು ಕಂಬವಲ್ಲ, ಅದಕ್ಕೆ ಬಡಿದ ಪ್ಲೈವುಡ್ಡು.

16 ಇಂಚೇ ಏಕೆ? ಹಿಂದೆ ಗಾರೆ ಹಿಡಿಸಲು ಬಡಿಯುತ್ತಿದ್ದ ತೆಳು ರೀಪುಗಳು ಸಾಮಾನ್ಯವಾಗಿ 4 ಅಡಿ ಉದ್ದ. ಇಂದಿನ ಪ್ಲೈವುಡ್, ಜಿಪ್ಸಂ ಹಲಗೆಗಳ ಅಗಲವೂ 4 ಅಡಿಯೇ. 48 ಇಂಚಿಗೆ ಮೂರು ಅಂತರ ಸರಿಯಾಗಿ ಕೂರುತ್ತದೆ, ಹಲಗೆಯ ಅಂಚು ಯಾವಾಗಲೂ ಕಂಬದ ಮೇಲೆಯೇ ಬರುತ್ತದೆ.

ಆದ್ದರಿಂದ ಪಟ ತೂಗುಹಾಕುವವರು ಮೊದಲು ಸ್ವಿಚ್ಚಿನ ಪೆಟ್ಟಿಗೆಯ ಪಕ್ಕ ತಟ್ಟಿ ನೋಡಬೇಕು. ಅದನ್ನು ಸಾಮಾನ್ಯವಾಗಿ ಕಂಬಕ್ಕೇ ಬಡಿದಿರುತ್ತಾರೆ. ಗಟ್ಟಿ ಸದ್ದು ಬಂದ ಕಡೆಯಿಂದ 16 ಇಂಚು ಅಳೆದು ಮೊಳೆ ಹೊಡೆದರೆ ಪಟ ನಿಲ್ಲುತ್ತದೆ.